ಅಂಡಿಗೆಯ ಬಾಯಿ, ಅಂಡಿಗೆಯ ಹೊಟ್ಟೆ

ಎರಡು ವರ್ಷಗಳ ಹಿಂದೆ ನಾನು ಒಂದು ಸುಳ್ಳು ಪತ್ರಕ್ಕೆ ಸಹಿ ಹಾಕಿದೆ. ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನ ಟೇಪು ಹಿಡಿದು ಸ್ವತಃ ಅಳೆಯದೆ ಅಳತೆ ಪುಸ್ತಕಕ್ಕೆ ಸಹಿ ಮಾಡಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವನು ನಾನು. ನಿವೃತ್ತಿಯ ನಂತರ ಗದಗಿನಲ್ಲಿ ಮನೆ ನಕ್ಷೆ, ಅಂದಾಜು ಪಟ್ಟಿ ಮಾಡಿಕೊಡುವ ಸಣ್ಣ ಕಚೇರಿ ಇಟ್ಟುಕೊಂಡಿದ್ದೇನೆ. ಒಂದು ಸಂಜೆ ಬೆಟಗೇರಿಯಿಂದ ನಮ್ಮ ನೆಂಟರ ಹುಡುಗ ತಾಯಿಯ ಜೊತೆಗೆ ಬಂದ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿತ್ತು, ಕೆಲಸ ಸಿಕ್ಕಿರಲಿಲ್ಲ. ಕೆನಡಾಕ್ಕೆ ಓದಲು ಹೋಗಬೇಕೆಂದು ಹೊರಟಿದ್ದ.

"ಕಾಕಾ, ಎರಡು ವರ್ಷ ಗ್ಯಾಪ್ ಬಿದ್ದೈತಿ, ವೀಸಾ ಆಗೂದಿಲ್ಲ ಅಂತ ಏಜೆಂಟ್ ಹೇಳಾಕತ್ತಾನ. ನಿಮ್ಮ ಲೆಟರ್‌ಹೆಡ್ ಮ್ಯಾಲೆ ನನಗೊಂದು ಅನುಭವ ಪತ್ರ ಕೊಡ್ರಿ."

ನಾನು ಸುಮ್ಮನೆ ಕುಳಿತದ್ದು ನೋಡಿ ತಾಯಿ, "ಅಣ್ಣಾರ, ಎಲ್ಲಾರೂ ಹಿಂಗ ಮಾಡ್ತಾರಂತ. ಒಂದು ಸಹಿ ಹಾಕಿದ್ರ ಹುಡುಗನ ಜೀವನ ಆಗತೈತಿ" ಅಂದಳು.

ಹಾಕಿದೆ. ಇವನು ನನ್ನಲ್ಲಿ ಇಪ್ಪತ್ತೆರಡು ತಿಂಗಳು ಸೈಟ್ ಇಂಜಿನಿಯರ್ ಆಗಿ ಕೆಲಸ ಮಾಡಿದ್ದಾನೆ ಎಂದು ಬರೆದುಕೊಟ್ಟೆ. ಅನುಭವ ಎಂಬ ಶಬ್ದಕ್ಕೆ ನಮ್ಮಲ್ಲಿ ಎಷ್ಟು ತೂಕವಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಆ ಶಬ್ದವೇ ತಲೆಬರಹವಾಗಿದ್ದ ಕಾಗದದ ಮೇಲೆ ನಾನು ಸುಳ್ಳು ಬರೆದೆ.

ಮೂರು ತಿಂಗಳ ಮೇಲೆ ವೀಸಾ ಕಚೇರಿಯಿಂದ ನನಗೊಂದು ಇಮೇಲ್ ಬಂತು. ಈ ಹುಡುಗನಿಗೆ ಸಂಬಳ ಕೊಟ್ಟ ಬ್ಯಾಂಕ್ ದಾಖಲೆ ಮತ್ತು ಹಾಜರಿ ಪುಸ್ತಕದ ಪ್ರತಿ ಕಳಿಸಿರಿ ಎಂದಿತ್ತು. ನನ್ನಲ್ಲಿ ಏನಿತ್ತು? ಒಂದು ರಾತ್ರಿ ನಿದ್ದೆಗೆಟ್ಟು ಮರುದಿನ ನಿಜವನ್ನೇ ಬರೆದೆ. ಅರ್ಜಿ ತಿರಸ್ಕಾರವಾಯಿತು. ಸುಳ್ಳು ದಾಖಲೆ ಕೊಟ್ಟವರು ಐದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಏಜೆಂಟ್ ತನ್ನ ಫೀ ಹಿಂದಕ್ಕೆ ಕೊಡಲಿಲ್ಲ. ಹುಡುಗನ ತಂದೆ ನನ್ನೊಡನೆ ಮಾತು ಬಿಟ್ಟರು. ಸಹಿ ಹಾಕುವಾಗ ಸುಳ್ಳು, ಉತ್ತರ ಕೊಡುವಾಗ ಖರೆ. ಎರಡಕ್ಕೂ ಪೆಟ್ಟು ತಿಂದವನು ಆ ಹುಡುಗ.

ಇದನ್ನು ಇಲ್ಲಿ ಬರೆಯಲು ಕಾರಣ ನಮ್ಮ ತಂದೆಯವರ ಒಂದು ಮಾತು. ಅವರು ಗದಗಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹತ್ತಿ ನೋಡಲು ಹೋದಾಗ ನಮಗೆ ಹೇಳುತ್ತಿದ್ದರು: "ಅಂಡಿಗಿ ಬಾಯಿ ನೋಡಬ್ಯಾಡ, ಹೊಟ್ಟೀಗೆ ಕೈ ಹಾಕು." ಬಾಯಲ್ಲಿ ಹಾಲಿನಂಥ ಅರಳೆ ಇಟ್ಟು ಒಳಗೆ ಕವಡಿ, ಕಸ, ಕರಿ ಹತ್ತಿ ತುಂಬುವವರಿದ್ದರು. ನಾನು ಬರೆದ ಪತ್ರವೂ ಅಂಥದೇ ಅಂಡಿಗೆ. ಕೆನಡಾದವನು ಹೊಟ್ಟೆಗೆ ಕೈ ಹಾಕಿದ.

ವಿದೇಶದ ಪೇಟೆಯವರು ನಮ್ಮ ಅಂಡಿಗೆಯ ಹೊಟ್ಟೆಗೆ ಕೈ ಹಾಕಿದ್ದು ಇದೇ ಮೊದಲ ಸಲವಲ್ಲ. ಗದಗ ಸೀಮೆಯ ಎರೆ ಭೂಮಿಯ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಎಂಬ ಹೆಸರಿತ್ತು. ಬೆಳೆದದ್ದು ಇಲ್ಲಿ, ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ. ಹೆಸರು ಬಂದರಿನ ಪಾಲಾಯಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಮಾದರಿ ತೋಟ ಮಾಡಿತು. ನ್ಯೂ ಆರ್ಲಿಯನ್ಸ್ ಬೀಜ ದೇಶದ ಬಹಳ ಕಡೆ ಕೈಕೊಟ್ಟರೂ ನಮ್ಮ ನೆಲಕ್ಕೆ ಒಗ್ಗಿತು. ಅದಕ್ಕೆ ಧಾರವಾಡ-ಅಮೆರಿಕನ್ ಎಂದು ಹೆಸರಾಯಿತು. ಗದಗ ಅದರ ದೊಡ್ಡ ಪೇಟೆಯಾಯಿತು. ಅಲ್ಲಿಯ ತನಕ ನಮ್ಮ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಹೊಸ ಹತ್ತಿಯ ಜೊತೆಗೆ ಗರಗಸದ ಹಲ್ಲಿನ ಜಿನ್ ಬಂತು. ಅಮೆರಿಕನ್ ಹತ್ತಿಗೆ ಅದು ಸರಿ. ಕುಮಟಾ ಹತ್ತಿಯ ಎಳೆಯನ್ನು ಮಾತ್ರ ಅದು ಕತ್ತರಿಸಿ ಹಾಕುತ್ತಿತ್ತು. ಎರಡು ಹತ್ತಿಗೆ ಎರಡು ಬೇರೆ ಯಂತ್ರ ಬೇಕಿತ್ತು. ಎರಡನ್ನೂ ಬೆರೆಸಿ ಒಂದೇ ಯಂತ್ರಕ್ಕೆ ಕೊಟ್ಟರೆ ಏನಾದೀತು ಎಂಬುದನ್ನು ಇಂಜಿನಿಯರ್ ಆಗದವರೂ ಊಹಿಸಬಲ್ಲರು.

1861ರಲ್ಲಿ ಅಮೆರಿಕದಲ್ಲಿ ಉತ್ತರ-ದಕ್ಷಿಣದವರ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು, ಅವರ ಕಣ್ಣು ಇತ್ತ ತಿರುಗಿತು. ಮದ್ರಾಸ್ ಇಲಾಖೆಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬೈ ಇಲಾಖೆಗೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನಿಂದ ಧಾರವಾಡದ ಹತ್ತಿ ಸಾಗಿಸುವ ಲೆಕ್ಕವಿತ್ತು. ಎಲ್ಲಿಯದೋ ಯುದ್ಧ, ಬದಲಾದದ್ದು ಕಾರವಾರದ ಗಡಿ! ಘಟ್ಟದ ದಾರಿಗಳು ಸುಧಾರಿಸಿದವು. ಹತ್ತಿಯ ಬೆಲೆ ಯಾರೂ ಕಾಣದಷ್ಟು ಏರಿತು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಗದಗ ಮುಂಡರಗಿಗಳು ಮುಂಬೈ ಇಲಾಖೆಯಲ್ಲಿದ್ದವು. ಆಳುವವರು ಬೇರೆ ಬೇರೆಯಾದರೂ ಬೆಲೆ ಕಟ್ಟುವವನು ಸಮುದ್ರದ ಆಚೆಗೆ ಒಬ್ಬನೇ ಇದ್ದ.

ಬೆಲೆ ಏರಿದಾಗ ನಮ್ಮವರು ಏನು ಮಾಡಿದರು? ಕುಮಟಾ ಹತ್ತಿಯನ್ನು ಧಾರವಾಡ-ಅಮೆರಿಕನ್ನಿನಲ್ಲಿ ಬೆರೆಸಿದರು. ಕಾಳು ಬೆರೆಸಿದರು, ಧೂಳು ಬೆರೆಸಿದರು, ತೂಕಕ್ಕೆ ನೀರು ಚಿಮುಕಿಸಿದರು. ಇದು ಗದಗಿನ ರೋಗ ಮಾತ್ರವಲ್ಲ, ಇಡೀ ಮುಂಬೈ ಇಲಾಖೆಯಲ್ಲಿ ಹಬ್ಬಿತ್ತು. 1863ರಲ್ಲಿ ಸರ್ಕಾರ ಹತ್ತಿಯ ಕಲಬೆರಕೆ ತಡೆಯಲು ಪ್ರತ್ಯೇಕ ಕಾಯ್ದೆಯನ್ನೇ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕಾಯಿತು. ರೈತ ದಲಾಲನ ಕಡೆಗೆ ಬೆರಳು ತೋರಿಸಿದ, ದಲಾಲ ಜಿನ್ನಿನವನ ಕಡೆಗೆ, ಜಿನ್ನಿನವನು ರೈತನ ಕಡೆಗೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಅಮೆರಿಕದ ಹತ್ತಿ ಮತ್ತೆ ಇಂಗ್ಲೆಂಡಿಗೆ ಬಂತು. ಬೆಲೆ ಕುಸಿಯುವುದನ್ನು ನಾವು ತಡೆಯುವಂತಿರಲಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಒಂದು ಹೆಸರು ಗಳಿಸುವ ಅವಕಾಶ ನಮ್ಮ ಬಾಗಿಲಿಗೆ ಬಂದಿತ್ತು. ಅದನ್ನು ಕಳೆದುಕೊಂಡದ್ದು ನಾವೇ.

ಆ ಹೆಸರನ್ನು ಮತ್ತೆ ಗಳಿಸಲು ಎರಡು ತಲೆಮಾರು ಹಿಡಿಯಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. ಅದರ ಮುಂದಿನ ಕಥೆ ಹೇಳುವವರು ಕಡಿಮೆ. ಹುಬ್ಬಳ್ಳಿ, ಗದಗಗಳಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘಗಳು ಹುಟ್ಟಿದವು. ಧಾರವಾಡದ ತಳಿತಜ್ಞರು ಬೆರಕೆಯಾದ ಧಾರವಾಡ-ಅಮೆರಿಕನ್ನಿನಿಂದ ಒಳ್ಳೆಯ ಗಿಡ ಆರಿಸಿ ಗದಗ-1 ಎಂಬ ತಳಿ ಕೊಟ್ಟರು. ಸಂಘಗಳು ಶುದ್ಧ ಬೀಜ ಹಂಚಿದವು. ಕೃಷಿ ಇಲಾಖೆಯ ನೌಕರರು ರೈತನ ಹತ್ತಿಯನ್ನು ಅವನೆದುರೇ ದರ್ಜೆ ಮಾಡಿ ಬೇರೆ ಬೇರೆ ಗುಂಪು ಹಾಕಿದರು, ಹರಾಜು ಬಹಿರಂಗವಾಗಿ ನಡೆಯಿತು. ಒಳ್ಳೆಯ ಹತ್ತಿ ತಂದವನಿಗೆ ಒಳ್ಳೆಯ ಬೆಲೆ ಬಂತು. ಇದರಲ್ಲಿ ಉಪದೇಶ ಏನೂ ಇರಲಿಲ್ಲ. ಇದ್ದದ್ದು ಅಳತೆ.

ನನ್ನ ವಾದ ಇಷ್ಟೇ. ಕಾಯಕದಲ್ಲಿ ಸತ್ಯ ಇರಬೇಕು ಎಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ, ಕೇಳುವವರು ತಲೆದೂಗುತ್ತಾರೆ. ಆದರೆ ಅಳತೆ ಇಲ್ಲದ ಕಡೆ ಸತ್ಯವಂತನೇ ನಷ್ಟ ಹೊರುತ್ತಾನೆ. ಶಿರಹಟ್ಟಿಯಲ್ಲಿ ನನ್ನ ಗೆಳೆಯರೊಬ್ಬರು ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ. ತಾಡಪಾಲಿನ ಮೇಲೆ ಚೆನ್ನಾಗಿ ಒಣಗಿಸಿ ತರುತ್ತಾರೆ. ಪಕ್ಕದವನು ಹಿಂದಿನ ರಾತ್ರಿ ನೀರು ಹೊಡೆದು ತರುತ್ತಾನೆ, ಅವನದು ಮಿರಮಿರ ಮಿಂಚುತ್ತದೆ. ಲೆಕ್ಕ ನೋಡಿರಿ. ಶೇ. 10 ತೇವವಿರುವ ಒಂದು ಕ್ವಿಂಟಲ್ ಕಾಯಿಗೆ ನೀರು ಹೊಡೆದು ತೇವವನ್ನು ಶೇ. 15ಕ್ಕೆ ಏರಿಸಿದರೆ ತೂಕ ಹತ್ತಿರ ಹತ್ತಿರ 106 ಕಿಲೊ ಆಗುತ್ತದೆ. ಆರು ಕಿಲೊ ಬಾವಿ ನೀರು ಮೆಣಸಿನಕಾಯಿ ದರಕ್ಕೆ ಮಾರಿದಂತಾಯಿತು. ಗೆಳೆಯರು ನನ್ನನ್ನು ಕೇಳಿದರು: "ನಾ ಒಣಗಿಸಿದ್ದಕ್ಕ ನನಗ ದಂಡ ಬಿತ್ತಲ್ಲೋ ಮಾರಾಯ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ನೀರು ಎಲ್ಲಿಗೆ ಹೋಗುತ್ತದೆ? ತೇವವಾದ ಕಾಯಿ ಚೀಲದಲ್ಲಿ ಬೂಸು ಹಿಡಿಯುತ್ತದೆ, ಬೂಸಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುರೋಪಿನ ಒಕ್ಕೂಟ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೊಗೆ 10 ಮೈಕ್ರೊಗ್ರಾಂ ದಾಟಬಾರದು ಎಂದು ಮಿತಿ ಹಾಕಿದೆ. ನಮಗೆ ತಿಳಿಯುವಂತೆ ಹೇಳಬೇಕೆಂದರೆ ಸಾವಿರ ಟನ್ನಿಗೆ ಹತ್ತು ಗ್ರಾಂ. 2003ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸೂಡಾನ್ ಎಂಬ ಕೈಗಾರಿಕೆಯ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿತು. 2005ರಲ್ಲಿ ಅದೇ ಬಣ್ಣದ ಕಾರಣಕ್ಕೆ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸು ಹಿಂದೆಗೆದರು. ಯಾರು ಬೆರೆಸಿದರೋ, ಎಲ್ಲಿ ಬೆರೆಸಿದರೋ, ಭಾರತದ ಮೆಣಸಿನಕಾಯಿ ಎಂದ ಕೂಡಲೇ ಅಲ್ಲಿಯವರು ಹುಬ್ಬು ಗಂಟಿಕ್ಕುವಂತಾಯಿತು. ತನ್ನ ಬಣ್ಣಕ್ಕೇ ಜಗತ್ತಿನಲ್ಲಿ ಹೆಸರಾದದ್ದು ನಮ್ಮ ಬ್ಯಾಡಗಿ. ಅದರ ಪಕ್ಕದಲ್ಲಿ ಕೂತು ಬಣ್ಣ ಬೆರೆಸುವವರ ಬುದ್ಧಿಗೆ ಏನೆನ್ನಬೇಕು!

ಪ್ರಾಮಾಣಿಕನಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಇನ್ನೊಂದು ಸುಳ್ಳು ಪತ್ರ. ಮುಂಡರಗಿ ಭಾಗದ ಉಳ್ಳಾಗಡ್ಡಿ ಬೆಳೆಗಾರರನ್ನು ಕೇಳಿರಿ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿಗೆ ಶೇ. 40 ಸುಂಕ ಹಾಕಿತು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರಿಗಿಂತ ಕಡಿಮೆಗೆ ಕಳಿಸುವಂತಿಲ್ಲ ಎಂದಿತು. ಡಿಸೆಂಬರ್ 8ಕ್ಕೆ ರಫ್ತನ್ನೇ ನಿಲ್ಲಿಸಿತು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ. ಇಲ್ಲಿ ರೈತನ ತಪ್ಪು ಏನಿತ್ತು? ಗಡ್ಡೆ ದುಂಡಗಿತ್ತು, ಒಣಗಿತ್ತು, ಆದರೂ ದಾರಿ ಮುಚ್ಚಿತು. ಹತ್ತಿಯ ಕಥೆಯೂ ಅಷ್ಟೇ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿಗೆ ಶೇ. 50 ಸುಂಕ ಹಾಕಿತು, ಬಟ್ಟೆ ಕಾರ್ಖಾನೆಗಳಿಗೆ ಪೆಟ್ಟು ಬಿತ್ತು. ಅವುಗಳಿಗೆ ನೆರವಾಗಲೆಂದು ನಮ್ಮ ಸರ್ಕಾರ ಹತ್ತಿಯ ಮೇಲಿದ್ದ ಶೇ. 11 ಆಮದು ಸುಂಕವನ್ನು ಮೊದಲು ಸೆಪ್ಟೆಂಬರ್ ತನಕ, ನಂತರ ಡಿಸೆಂಬರ್ ತನಕ ತೆಗೆಯಿತು. ನಮ್ಮ ರೈತ ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳು ಅವೇ. 1861ರಲ್ಲಿ ಅಮೆರಿಕದ ಜಗಳ ಗದಗಿನ ಬೆಲೆ ಏರಿಸಿತು, 2025ರಲ್ಲಿ ಅಮೆರಿಕದ ಜಗಳ ಅದನ್ನು ಇಳಿಯುವತ್ತ ತಳ್ಳಿತು. ಇಂಥ ಹೊತ್ತಿನಲ್ಲಿ ರೈತ ಬೀದಿಗಿಳಿದು ಕೇಳುವುದು ನ್ಯಾಯ, ನಾವು ಅವನ ಜೊತೆ ನಿಲ್ಲುವುದೂ ನ್ಯಾಯ. ಆದರೆ ದೆಹಲಿ, ವಾಷಿಂಗ್ಟನ್ನುಗಳು ನಮ್ಮ ಕೈಯಲ್ಲಿಲ್ಲ. ಚೀಲದೊಳಗಿನ ತೇವ ನಮ್ಮ ಕೈಯಲ್ಲಿದೆ. ಎರಡನ್ನೂ ಒಂದೇ ಮಾಡಿ ಎಲ್ಲಕ್ಕೂ ಪರದೇಶದವರನ್ನು ಬೈಯುತ್ತ ಕೂತರೆ ಕೆಲಸ ಕೆಡುತ್ತದೆ.

ಪರದೇಶ ಎಂದರೆ ಸುಂಕವೊಂದೇ ಅಲ್ಲ, ಮನುಷ್ಯರೂ ಬರುತ್ತಾರೆ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲೇ ಕೇಂದ್ರ ತೆರೆದರು. ಅವರ ಕಾಲದ ದವಾಖಾನೆಯನ್ನು ಊರವರು ಇವತ್ತಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಅದಕ್ಕಿಂತ ನಮಗೆ ಹತ್ತಿರದವನು ಆದಯ್ಯ. ಹನ್ನೆರಡನೆಯ ಶತಮಾನದಲ್ಲಿ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನು. ಇಲ್ಲಿಯ ಜೈನ ಮನೆತನದ ಪದ್ಮಾವತಿಯನ್ನು ಮದುವೆಯಾದ. ಹರಿಹರ ಅವನ ಮೇಲೆ ರಗಳೆ ಬರೆದ, ರಾಘವಾಂಕ ಸೋಮನಾಥ ಚಾರಿತ್ರ ಬರೆದ. ಆ ಕಾವ್ಯಗಳಲ್ಲಿ ಜೈನರೊಡನೆ ನಡೆದ ಜಗಳವೇ ದೊಡ್ಡದಾಗಿ ಬರುತ್ತದೆ, ನಮ್ಮ ಪ್ರವಚನಕಾರರೂ ಅದನ್ನೇ ಹಿಗ್ಗಿಸಿ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಹೊರಗಿನ ಭಾಷೆಯ ವರ್ತಕನೊಬ್ಬ ಲೆಕ್ಕಪತ್ರಕ್ಕೆ ಬೇಕಾದಷ್ಟು ಕನ್ನಡ ಕಲಿತು ಸುಮ್ಮನಾಗಲಿಲ್ಲ, ನಾಲ್ಕುನೂರರಷ್ಟು ವಚನ ಬರೆಯುವಷ್ಟು ಕಲಿತ. ಅಂಕಿತ ಮಾತ್ರ ತನ್ನ ಸೀಮೆಯ ಸೌರಾಷ್ಟ್ರ ಸೋಮೇಶ್ವರ. ಊರು ಬಿಡಲಿಲ್ಲ, ಬಂದ ಊರನ್ನೂ ಬಿಡಲಿಲ್ಲ. ಶರಣರು ಅವನನ್ನು ಹೊರಗಿನವ ಎನ್ನಲಿಲ್ಲ.

ಅದೇ ಲಕ್ಷ್ಮೇಶ್ವರದಲ್ಲಿ ಕಳೆದ ವರ್ಷ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರು ತಮ್ಮ ಅಮೆರಿಕದ ಸೊಸೆಯ ಫೋಟೊ ತೋರಿಸಿದರು. ಬಿಳಿಯ ಹುಡುಗಿ, ಸೀರೆ ಉಟ್ಟಿದ್ದಳು, ವಿಭೂತಿ ಹಚ್ಚಿದ್ದಳು. ಬಹಳ ಸಂತೋಷವಾಯಿತು. ಮಾತಿನ ನಡುವೆ ಅವರ ಮಗಳಿಗೆ ಬಂದಿದ್ದ ಒಂದು ಸಂಬಂಧದ ವಿಚಾರ ಬಂತು. ಹುಡುಗ ಲಿಂಗಾಯತನೇ, ಪಶುವೈದ್ಯ, ಊರು ಹತ್ತು ಮೈಲಿ. ಒಳಪಂಗಡ ಬೇರೆ ಎಂದು ಬಿಟ್ಟರಂತೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಹಡಗು ದಾಟಿ ಬಂದವಳಿಗೆ ತೆರೆದ ಬಾಗಿಲು ಹತ್ತು ಮೈಲಿಯಿಂದ ಬಂದವನಿಗೆ ಮುಚ್ಚಿತ್ತು. ಇದನ್ನು ಸಂಸ್ಕೃತಿಯ ವಿನಿಮಯ ಎನ್ನುವುದಾದರೆ ನಾವು ಕೊಂಡದ್ದು ಏನು, ಮಾರಿದ್ದು ಏನು?

ಈಗ ಮಠಗಳ ಮಾತಿಗೆ ಬರುತ್ತೇನೆ. ನಮ್ಮ ಭಾಗದ ಮಠಗಳು ಶಾಲೆ ತೆರೆದವು, ಪ್ರಸಾದ ನಿಲಯ ನಡೆಸಿದವು. ನನ್ನ ಓರಗೆಯ ಎಷ್ಟೋ ಜನ ಆ ಅನ್ನ ಉಂಡೇ ಓದಿದವರು. ಗದಗಿನ ತೋಂಟದಾರ್ಯ ಮಠ ಇಂಜಿನಿಯರಿಂಗ್ ಕಾಲೇಜನ್ನೇ ಕಟ್ಟಿದೆ. ಇಷ್ಟು ಮಾಡಿದವರಿಗೆ ಇನ್ನೂ ಒಂದು ಹೆಜ್ಜೆ ಕಷ್ಟವೇ? ನಮ್ಮ ಭಾಗದಲ್ಲಿ ಮಠಗಳ ಕಾಲೇಜುಗಳಿವೆ, ಪ್ರಯೋಗಶಾಲೆಗಳಿವೆ. ಅಲ್ಲಿ ತೇವ ಅಳೆಯುವ ಯಂತ್ರ ಇಡಲಿ, ಹತ್ತಿಯ ಎಳೆ, ಕಸ ನೋಡುವ ಏರ್ಪಾಡು ಮಾಡಲಿ. ರೈತ ಪೇಟೆಗೆ ಹೋಗುವ ಮುನ್ನ ಸ್ಯಾಂಪಲ್ ತರಲಿ, ವಿದ್ಯಾರ್ಥಿಗಳೇ ಅಳೆದು ಚೀಟಿ ಬರೆದುಕೊಡಲಿ. ವ್ಯಾಪಾರಸ್ಥರು ಆ ಚೀಟಿಯನ್ನು ಮೊದಲ ವರ್ಷ ನಂಬಲಿಕ್ಕಿಲ್ಲ. ಕಾಂಕ್ರೀಟಿನ ಘನವನ್ನು ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿಟ್ಟು ಒಡೆದು ನೋಡಿದ ಮೇಲೇ ನಾವು ಗುತ್ತಿಗೆದಾರನನ್ನು ನಂಬುತ್ತಿದ್ದದ್ದು. ನಂಬಿಕೆಗೂ ಅಷ್ಟು ದಿನ ಬೇಕು. ಅಫ್ಲಾಟಾಕ್ಸಿನ್ ಪರೀಕ್ಷೆಗೆ ದೊಡ್ಡ ಯಂತ್ರ, ದೊಡ್ಡ ಖರ್ಚು. ಅದು ಮಠದ ಕೆಲಸವಲ್ಲ, ಸರ್ಕಾರವನ್ನೇ ಕೇಳಬೇಕು. ತೇವದ ಯಂತ್ರ ಹಾಗಲ್ಲ. ಒಂದು ಜಾತ್ರೆಯ ವಿದ್ಯುತ್ ದೀಪದ ಖರ್ಚಿನಲ್ಲಿ ಅಂಥವು ನಾಲ್ಕು ತಾಲೂಕಿಗೂ ಬರುತ್ತವೆ.

ಹಾಗೆಯೇ ಹೊರದೇಶಕ್ಕೆ ಹೊರಟ ಮಕ್ಕಳಿಗೆ ಒಂದು ಕೋಣೆ, ಒಬ್ಬ ತಿಳಿದವರು. ವಾರಕ್ಕೊಂದು ದಿನ ಸಾಕು. ಈ ಕಾಲೇಜು ನಿಜವಾದದ್ದೇ, ಈ ಸಾಲಕ್ಕೆ ಒತ್ತೆ ಏನು, ರೂಪಾಯಿ ಇಳಿದರೆ ಕಂತು ಎಷ್ಟು ಏರುತ್ತದೆ, ಎರಡು ವರ್ಷ ಕೆಲಸವಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಗೆ ಬರೆಯುವುದು, ಇಷ್ಟು ಹೇಳಿಕೊಡುವವರು ಬೇಕು. ಸುಳ್ಳು ಪ್ರವೇಶ ಪತ್ರ ಕೊಟ್ಟ ಏಜೆಂಟನನ್ನು ನಂಬಿ ಕೆನಡಾಕ್ಕೆ ಹೋದ ಪಂಜಾಬಿನ ವಿದ್ಯಾರ್ಥಿಗಳು 2023ರಲ್ಲಿ ಗಡೀಪಾರಿನ ಹೆದರಿಕೆಯಲ್ಲಿ ಬೀದಿಗೆ ಬಂದದ್ದನ್ನು ಟಿ.ವಿ.ಯಲ್ಲಿ ನೋಡಿದೆವು. ನೋಡಿಯೂ ಮರುವರ್ಷ ನಾನು ಸಹಿ ಹಾಕಿದೆ. ನಮ್ಮ ನಮ್ಮ ಊರುಗಳಲ್ಲಿ ನಿವೃತ್ತ ಪ್ರಾಧ್ಯಾಪಕರಿದ್ದಾರೆ, ಬ್ಯಾಂಕಿನವರಿದ್ದಾರೆ, ಪರದೇಶದಲ್ಲಿ ಇದ್ದು ಬಂದವರಿದ್ದಾರೆ. ಕರೆದರೆ ಬರುತ್ತಾರೆ. ಯಾರೂ ಬರದಿದ್ದರೆ ನಾನಂತೂ ಬರುತ್ತೇನೆ, ಮಾಡಬಾರದ್ದು ಏನೆಂದು ನನಗೆ ಚೆನ್ನಾಗಿ ಗೊತ್ತು.

ಆ ಹುಡುಗ ಏನಾದ ಎಂದು ಕೇಳುವವರಿಗೆ: ಆರು ತಿಂಗಳು ಮನೆಯಲ್ಲಿ ಕುಳಿತಿದ್ದ. ಆಮೇಲೆ ಒಂದು ದಿನ ನಾನೇ ಹೋಗಿ ಕರೆದೆ. ಈಗ ಮುಂಡರಗಿಯಲ್ಲಿ ನಾನು ಹಿಡಿದಿರುವ ಒಂದು ಕಟ್ಟಡದ ಮೇಲ್ವಿಚಾರಣೆ ಅವನದು. ಮೊದಲ ದಿನವೇ ಅಂದ, "ಕಾಕಾ, ಹಾಜರಿ ಪುಸ್ತಕ ತಂದೀನಿ. ದಿನಾ ನೀವ ಸಹಿ ಹಾಕಬೇಕು." ಹಾಕುತ್ತಿದ್ದೇನೆ. ಸಂಬಳ ಪ್ರತಿ ತಿಂಗಳು ಐದನೇ ತಾರೀಖಿಗೆ ಅವನ ಬ್ಯಾಂಕಿಗೆ ಹೋಗುತ್ತದೆ. ಜರ್ಮನ್ ಭಾಷೆಯ ಪುಸ್ತಕವೊಂದನ್ನು ಸಿಮೆಂಟ್ ಚೀಲಗಳ ಪಕ್ಕದಲ್ಲಿ ಇಟ್ಟುಕೊಂಡು ಓದುತ್ತಿರುತ್ತಾನೆ. ಅವನ ತಂದೆ ಇನ್ನೂ ನನ್ನೊಡನೆ ಮಾತಾಡುವುದಿಲ್ಲ. ಹೋದ ತಿಂಗಳು ಪೇಟೆಯಲ್ಲಿ ಎದುರಾದಾಗ ಮಾತ್ರ ಒಂದು ಗಳಿಗೆ ನಿಂತು ಮುಂದೆ ಹೋದರು.